ವಾಹಕ ಅಂದ್ರೆ ರೋಗಿ ಅಲ್ಲ

ನಾಲ್ಕನೇ ಸೆಮಿಸ್ಟರ್‌ನಲ್ಲಿ ‘ಬಯಾಲಜಿ ಫಾರ್ ಇಂಜಿನಿಯರ್ಸ್’ ಅನ್ನೋ ಸಬ್ಜೆಕ್ಟ್ ಬರುತ್ತೆ. ನಮ್ಮಲ್ಲಿ ಬಹುಪಾಲು ಜನರಿಗೆ ಅದು ಪರೀಕ್ಷೆಯ ಹಿಂದಿನ ರಾತ್ರಿ ಓದೋ ವಿಷಯ. ಪ್ರೋಟೀನ್ ಅಂದ್ರೆ ಜಿಮ್‌ಗೆ ಹೋಗೋರ ಡಬ್ಬ, ಜೀನ್ ಅಂದ್ರೆ ಅಪ್ಪನ ಮೂಗು, ಅಮ್ಮನ ಕೋಪ. ಅಲ್ಲಿಗೆ ಮುಗೀತು. ಆದರೆ ಇದೇ ಎರಡು ಪದಗಳು ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿ ಮತ್ತು ಪೋಡುಗಳಲ್ಲಿ ರಕ್ತ ಪರೀಕ್ಷೆಯ ಕಾರ್ಡ್ ಆಗಿ ಜನರ ಕೈ ಸೇರುತ್ತಿವೆ. ಆ ಕಾರ್ಡ್ ಮೇಲೆ ಬರೆದಿದ್ದನ್ನ ಸರಿಯಾಗಿ ಅರ್ಥ ಮಾಡಿಸದಿದ್ರೆ, ರೋಗಕ್ಕಿಂತ ಮೊದಲು ಆ ಕಾರ್ಡೇ ಜನರಿಗೆ ನೋವು ಕೊಡಬಹುದು ಅನ್ನೋದು ನಮ್ಮ ಆತಂಕ.

ನಾವು ಹೇಳ್ತಿರೋದು ಸಿಕಲ್ ಸೆಲ್ ರೋಗದ ಬಗ್ಗೆ. ಕನ್ನಡದಲ್ಲಿ ಕುಡುಗೋಲು ಕಣ ರೋಗ.

ಮೊದಲು ಅದು ಆಗೋದು ಹೇಗೆ ಅಂತ ನೋಡೋಣ. ನಮ್ಮ ಕೆಂಪು ರಕ್ತಕಣದ ತುಂಬ ಹಿಮೋಗ್ಲೋಬಿನ್ ಅನ್ನೋ ಪ್ರೋಟೀನ್ ಇರುತ್ತೆ. ಶ್ವಾಸಕೋಶದಲ್ಲಿ ಆಮ್ಲಜನಕ ಹತ್ತಿಸಿಕೊಂಡು, ದೇಹದ ಮೂಲೆ ಮೂಲೆಯಲ್ಲಿ ಇಳಿಸೋದು ಅದರ ಕೆಲಸ. ಅದರಲ್ಲಿ ನಾಲ್ಕು ಸರಪಳಿಗಳಿವೆ: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಸಾಲಾಗಿ ಕೂತಿರುತ್ತವೆ. ಆ ಸಾಲು ಹೇಗಿರಬೇಕು ಅನ್ನೋ ಸೂಚನೆ 11ನೇ ಕ್ರೋಮೋಸೋಮ್‌ನ ಒಂದು ಜೀನ್‌ನಲ್ಲಿದೆ. ಅಲ್ಲಿ ‘ಜಿಎಜಿ’ ಅಂತ ಇರಬೇಕಾದ ಕಡೆ ‘ಜಿಟಿಜಿ’ ಅಂತಾದ್ರೆ, 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತೆ. ಸುಮಾರು 300 ಕೋಟಿ ಅಕ್ಷರಗಳ ಪುಸ್ತಕದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದು, ಅಷ್ಟೆ.

ಇದು ಸೆಮಿಕೋಲನ್ ಬಿಟ್ಟ ಹಾಗಲ್ಲ. ಸೆಮಿಕೋಲನ್ ಬಿಟ್ರೆ ಕಂಪೈಲರ್ ಆಗಲೇ ಬೈಯುತ್ತೆ. ಇಲ್ಲಿ ಪ್ರೋಗ್ರಾಂ ಕಂಪೈಲ್ ಆಗುತ್ತೆ, ರನ್ ಕೂಡ ಆಗುತ್ತೆ. ಹಿಮೋಗ್ಲೋಬಿನ್ ತಯಾರಾಗುತ್ತೆ, ಆಮ್ಲಜನಕ ಹೊರುತ್ತೆ. ತೊಂದರೆ ಶುರುವಾಗೋದು ಆಮ್ಲಜನಕ ಇಳಿಸಿದ ಮೇಲೆ. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುತ್ ಆವೇಶ ಇದೆ, ಅದು ನೀರಿನ ಜೊತೆ ಹೊಂದಿಕೊಳ್ಳುತ್ತೆ. ವ್ಯಾಲಿನ್‌ಗೆ ಆವೇಶ ಇಲ್ಲ, ನೀರಂದ್ರೆ ಆಗಲ್ಲ. ಹಾಗಾಗಿ ಒಂದು ಹಿಮೋಗ್ಲೋಬಿನ್ ಪಕ್ಕದ್ದಕ್ಕೆ ಅಂಟಿಕೊಳ್ಳುತ್ತೆ, ಅದು ಇನ್ನೊಂದಕ್ಕೆ. ಉದ್ದ ಉದ್ದ ಎಳೆಗಳಾಗಿ ಕಣವನ್ನೇ ಕುಡುಗೋಲಿನ ಹಾಗೆ ಬಗ್ಗಿಸಿಬಿಡುತ್ತೆ. ಬಗ್ಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕೈ, ಕಾಲು, ಬೆನ್ನು, ಎದೆಯಲ್ಲಿ ತಡೆಯಲಾಗದ ನೋವು. ಮಾಮೂಲಿ ಕೆಂಪು ಕಣ ಸುಮಾರು 120 ದಿನ ಬದುಕಿದ್ರೆ, ಇದು ಬದುಕೋದು 10ರಿಂದ 20 ದಿನ. ಅದಕ್ಕೇ ರಕ್ತಹೀನತೆ. ಗುಲ್ಮ ಹಾಳಾಗುತ್ತೆ, ಸೋಂಕು ಬೇಗ ತಗಲುತ್ತೆ, ಕೆಲವು ಮಕ್ಕಳಿಗೆ ಪಾರ್ಶ್ವವಾಯು ಕೂಡ ಆಗುತ್ತೆ.

ಈ ಕಥೆಯಲ್ಲಿ ನಮ್ಮಂಥವರ ಪಾತ್ರವೂ ಇದೆ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ತಂಡದವರು ಎರಡು ಬಗೆಯ ಹಿಮೋಗ್ಲೋಬಿನ್‌ಗಳನ್ನ ವಿದ್ಯುತ್ ಕ್ಷೇತ್ರದಲ್ಲಿಟ್ಟು ಓಡಿಸಿದರು. ಎರಡೂ ಬೇರೆ ಬೇರೆ ವೇಗದಲ್ಲಿ ಚಲಿಸಿದವು. ಒಂದು ಅಣುವಿನಲ್ಲಿರೋ ದೋಷದಿಂದ ರೋಗ ಬರುತ್ತೆ ಅಂತ ಜಗತ್ತಿಗೆ ಮೊದಲು ಸ್ಪಷ್ಟವಾಗಿ ಗೊತ್ತಾಗಿದ್ದು ಹಾಗೆ. ನಮ್ಮ ಹತ್ತಿರಕ್ಕೆ ಬಂದರೆ, 1952ರಲ್ಲೇ ಚಾಮರಾಜನಗರದ ಗಡಿಗೆ ಅಂಟಿಕೊಂಡಿರೋ ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಜೀನ್ ಇರೋದು ವರದಿಯಾಗಿತ್ತು. 70 ವರ್ಷ ದಾಟಿದ ವಿಷಯ ಇದು.

ಈಗ ಮುಖ್ಯ ಮಾತು. ಪ್ರತಿಯೊಬ್ಬರಿಗೂ ಈ ಜೀನ್‌ನ ಎರಡು ಪ್ರತಿ ಇರುತ್ತೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಎರಡರಲ್ಲೂ ಬದಲಾವಣೆ ಇದ್ರೆ ರೋಗ. ಒಂದರಲ್ಲಿ ಮಾತ್ರ ಇದ್ರೆ ಅವರು ‘ವಾಹಕ’. ವಾಹಕರು ಸಾಮಾನ್ಯವಾಗಿ ನಮ್ಮ ನಿಮ್ಮ ಹಾಗೇ ಓಡಾಡಿಕೊಂಡು, ದುಡಿದುಕೊಂಡು ಆರೋಗ್ಯವಾಗಿರ್ತಾರೆ. ಅಷ್ಟೇ ಅಲ್ಲ, ಮಾರಣಾಂತಿಕ ಮಲೇರಿಯಾದಿಂದ ಅವರಿಗೆ ರಕ್ಷಣೆಯೂ ಸಿಗುತ್ತೆ. 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಇದನ್ನ ತೋರಿಸಿದರು. ಮಲೇರಿಯಾ ಕಾಡಿದ ಪ್ರದೇಶಗಳಲ್ಲೇ ಈ ಜೀನ್ ಹೆಚ್ಚಾಗಿ ಉಳಿದುಕೊಂಡಿರೋದು ಇದೇ ಕಾರಣಕ್ಕೆ. ಅಂದ್ರೆ ಇದು ಯಾರದೋ ಪಾಪದ ಫಲ ಅಲ್ಲ, ಯಾವುದೋ ಕುಲದ ಕಳಂಕವೂ ಅಲ್ಲ. ಅವರ ಹಿರಿಯರು ಮಲೇರಿಯಾ ಎದುರು ಬದುಕಿ ಉಳಿದಿದ್ದರ ಗುರುತು.

2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಮಾಡೋದು, 2047ರೊಳಗೆ ರೋಗ ನಿರ್ಮೂಲನೆ ಮಾಡೋದು ಅದರ ಗುರಿ. ಕರ್ನಾಟಕವೂ ಅದರಲ್ಲಿದೆ. ತಪಾಸಣೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹುಟ್ಟಿದ ಕೂಡಲೇ ಗೊತ್ತಾದ್ರೆ ಪೆನ್ಸಿಲಿನ್, ಲಸಿಕೆ ಕೊಟ್ಟು ಮಗುವನ್ನ ಸೋಂಕಿನಿಂದ ಕಾಪಾಡಬಹುದು. ಹೈಡ್ರಾಕ್ಸಿಯೂರಿಯಾ ಮಾತ್ರೆ ನೋವಿನ ದಾಳಿಗಳನ್ನ ಕಡಿಮೆ ಮಾಡುತ್ತೆ.

ನಮ್ಮ ತಕರಾರು ಇರೋದು ಮಾತಿನ ಬಗ್ಗೆ. ‘ವಾಹಕ’ ಅನ್ನೋ ಪದ ಕೇಳಿದ ಕೂಡಲೇ ನಮಗೆ ತಾಮ್ರದ ತಂತಿ ನೆನಪಾಗುತ್ತೆ. ಊರಿನ ಜನಕ್ಕೆ? ನಮ್ಮ ಆರೋಗ್ಯ ಇಲಾಖೆಯ ಗೋಡೆಬರಹಗಳಲ್ಲಿ ‘ರೋಗವಾಹಕ ಆಶ್ರಿತ ರೋಗಗಳು’ ಅಂತ ಇರುತ್ತೆ. ಅಲ್ಲಿ ರೋಗವಾಹಕ ಅಂದ್ರೆ ಸೊಳ್ಳೆ! ಡೆಂಗಿ ಹರಡೋ ಸೊಳ್ಳೆಗೂ, ಒಂದು ಜೀನ್ ಪ್ರತಿ ಬೇರೆಯಾಗಿರೋ ಹುಡುಗಿಗೂ ಹೆಚ್ಚು ಕಡಿಮೆ ಒಂದೇ ಪದ ಬಳಸಿದ್ರೆ, ಜನ ಅವಳ ಜೊತೆ ಊಟಕ್ಕೆ ಕೂರೋಕೂ ಹಿಂಜರಿಯಬಹುದು. ಇದು ಮುಟ್ಟಿದ್ರೆ ಬರೋದಲ್ಲ, ರಕ್ತದ ಸಂಬಂಧದಲ್ಲಿ ಮಾತ್ರ ಬರೋದು ಅಂತ ಕಾರ್ಡ್ ತಾನಾಗೇ ಹೇಳಲ್ಲ. ‘ಒಂದು ಪ್ರತಿ ಇರುವವರು’ ಅಂತ ಬರೆದ್ರೆ ಸಾಕು. ಸಂಸ್ಕೃತದ ಭಾರ ಇಲ್ಲ, ಅರ್ಥವೂ ಕೆಡಲ್ಲ.

‘ಕಾರ್ಡ್ ನೋಡಿ ಮದುವೆ ಮಾಡಿ, ಹೊಂದದಿದ್ರೆ ಬೇಡ ಅಂತ ಕಾನೂನೇ ಮಾಡಿಬಿಡಿ, ಒಂದೆರಡು ತಲೆಮಾರಲ್ಲಿ ಮುಗಿದುಹೋಗುತ್ತೆ’ ಅಂತ ನಮ್ಮ ಕ್ಲಾಸಲ್ಲೇ ಕೆಲವರು ವಾದ ಮಾಡ್ತಾರೆ. ಲೆಕ್ಕ ನೋಡಿದ್ರೆ ಸುಲಭ ಅನ್ಸುತ್ತೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ರೆ, ಪ್ರತಿ ಸಲ ಗರ್ಭ ಧರಿಸಿದಾಗಲೂ ಮಗುವಿಗೆ ರೋಗ ಬರೋ ಸಾಧ್ಯತೆ 25 ಪರ್ಸೆಂಟ್. ಈ ಸಂಖ್ಯೆ ದಂಪತಿಗೆ ಗೊತ್ತಿರಲೇಬೇಕು. ಗೊತ್ತಾದ ಮೇಲೆ ಏನು ಮಾಡಬೇಕು ಅನ್ನೋದು ಅವರ ತೀರ್ಮಾನ. ಇನ್ನು ಇಬ್ಬರಲ್ಲಿ ಒಬ್ಬರಲ್ಲಿ ಮಾತ್ರ ಇದ್ರೆ, ಮಗುವಿಗೆ ಈ ರೋಗದ ಭಯವೇ ಇಲ್ಲ. ಆದರೆ ‘ಆ ಮನೆಯಲ್ಲಿ ಸಿಕಲ್ ಇದೆಯಂತೆ’ ಅನ್ನೋ ಒಂದು ಮಾತಿಗೆ ಇಂಥ ಲೆಕ್ಕ ಎಲ್ಲ ಮಣ್ಣುಪಾಲಾಗುತ್ತೆ. ಆ ಮಾತಿನ ಪೆಟ್ಟು ಹೆಚ್ಚಾಗಿ ಬೀಳೋದು ಹೆಣ್ಣುಮಕ್ಕಳ ಮೇಲೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದು ಬರೀ ಊಹೆ ಅಲ್ಲ. 1970ರ ದಶಕದ ಅಮೆರಿಕದಲ್ಲಿ ತಪಾಸಣೆ ಭರದಿಂದ ನಡೀತು, ತಿಳಿವಳಿಕೆ ಹಿಂದೆ ಬಿತ್ತು. ಆರೋಗ್ಯವಾಗಿದ್ದ ಕಪ್ಪು ಜನರು ವಾಹಕರು ಅನ್ನೋ ಕಾರಣಕ್ಕೆ ಕೆಲಸ, ವಿಮೆ ಕಳೆದುಕೊಂಡರು. ಅಲ್ಲಿನ ವಾಯುಪಡೆ ಅಕಾಡೆಮಿ 1981ರವರೆಗೂ ಅವರನ್ನ ಸೇರಿಸಿಕೊಳ್ತಿರಲಿಲ್ಲ. ನಾವು ಅದೇ ದಾರಿಯಲ್ಲಿ ಹೋಗಿ ಅದೇ ಗುಂಡಿಗೆ ಬೀಳಬೇಕಾ?

ಇನ್ನೊಂದು ಕಡೆ, ವಿಜ್ಞಾನ ಓಡ್ತಾನೇ ಇದೆ. ಕ್ರಿಸ್ಪರ್ ತಂತ್ರದಿಂದ ಜೀನ್ ತಿದ್ದೋ ಮೊದಲ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟವು. ಅದೂ ಇದೇ ರೋಗಕ್ಕೆ. ಒಪ್ಪಿಗೆ ಸಿಕ್ಕಾಗ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್ ಇತ್ತು, ಆಗಿನ ಲೆಕ್ಕದಲ್ಲಿ ನಮ್ಮ ರೂಪಾಯಿಯಲ್ಲಿ ಸುಮಾರು 18 ಕೋಟಿ. ಅದ್ಭುತ, ಒಪ್ಪೋಣ. ಆದರೆ ಕಾಡಂಚಿನ ಪೋಡಿನಲ್ಲಿರೋ ಮಗುವಿಗೆ ಇವತ್ತು ಬೇಕಾಗಿರೋದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಸಿಗೋ ಮಾತ್ರೆ, ಮತ್ತು ‘ಇದು ನಿನ್ನ ತಪ್ಪಲ್ಲ ಕಣಪ್ಪ’ ಅಂತ ಅವನ ಭಾಷೆಯಲ್ಲೇ ಹೇಳೋ ಒಬ್ಬರು.

ಹಾಗಾದ್ರೆ ನಾವೇನು ಮಾಡಬಹುದು? ಕಂಪ್ಯೂಟರ್ ಸೈನ್ಸ್‌ನವರು ಕೇಳಲಿ: ತಪಾಸಣೆಯ ಡೇಟಾ ಯಾರ್ಯಾರು ನೋಡಬಹುದು, ಹೆಸರು ಬಯಲಾಗದ ಹಾಗೆ ಹೇಗೆ ಇಡೋದು? ಎಲೆಕ್ಟ್ರಾನಿಕ್ಸ್‌ನವರು ಕೇಳಲಿ: ಕರೆಂಟ್ ಹೋಗೋ ಊರಲ್ಲೂ ನಡೆಯೋ ಅಗ್ಗದ ಪರೀಕ್ಷಾ ಸಾಧನ ಯಾಕಾಗಬಾರದು? ಮಿನಿ ಪ್ರಾಜೆಕ್ಟ್‌ಗೆ ಮತ್ತೊಂದು ಲೈನ್ ಫಾಲೋವರ್ ಮಾಡೋ ಬದಲು ಇದನ್ನ ಯೋಚಿಸಬಹುದು. ಕನ್ನಡ ಸಂಘದ ನಾವು ಮಾಡಬೇಕಾದ್ದು ಇನ್ನೂ ಸುಲಭ. ಇಂಗ್ಲಿಷ್‌ನಲ್ಲಿ ಓದಿದ ಈ ವಿಷಯವನ್ನ, ಅಜ್ಜಿಗೂ ಅರ್ಥ ಆಗೋ ಕನ್ನಡದಲ್ಲಿ ಒಂದು ಪುಟ ಬರೆಯೋದು. ಬರೆದು ಮುಗಿಸಿ ಸುಮ್ಮನಾಗದೆ, ಆ ಊರುಗಳಲ್ಲಿ ಕೆಲಸ ಮಾಡೋ ಆಶಾ ಕಾರ್ಯಕರ್ತೆಯರಿಗೆ ತೋರಿಸಿ, ‘ಅಕ್ಕಾ, ಇದು ಸರಿ ಇದೆಯಾ?’ ಅಂತ ಕೇಳೋದು.

ಒಂದು ಅಕ್ಷರ ಬದಲಾದ್ರೆ ಪ್ರೋಟೀನ್ ಅರ್ಥವೇ ಬದಲಾಗುತ್ತೆ. ಒಂದು ಪದ ತಪ್ಪಾದ್ರೆ ಒಬ್ಬರ ಬದುಕೂ ಹಾಗೇ ಆಗಬಹುದು. ಜೀನ್ ತಿದ್ದೋಕೆ ಕೋಟಿ ಕೋಟಿ ಬೇಕು, ಪದ ತಿದ್ದೋಕೆ ಒಂದು ಪೈಸೆಯೂ ಬೇಡ. ಅಲ್ಲಿಂದಲೇ ಶುರು ಮಾಡೋಣ.