ಬಾಡಿಗೆ ಮನೆ: ಲೆಕ್ಕ ಮೊದಲು, ಇಟ್ಟಿಗೆ ಆಮೇಲೆ

ದಾವಣಗೆರೆಯಲ್ಲಿ ಮನೆಯ ಮೇಲೆ ಮನೆ ಏಳುತ್ತಿದೆ. ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ, ಶಾಮನೂರು ರಸ್ತೆ, ಎಲ್ಲಿ ಹೋದರೂ ತಾರಸಿಯ ಮೇಲೆ ಕಬ್ಬಿಣದ ಸರಳು, ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು. ಕಾಟನ್ ಮಿಲ್ಲುಗಳ ಕಾಲ ಮುಗಿಯಿತು. ಈಗ ಊರಿಗೆ ಜನರನ್ನು ಎಳೆದು ತರುವುದು ಕಾಲೇಜು, ಆಸ್ಪತ್ರೆ ಮತ್ತು 1997ರಲ್ಲಿ ಜಿಲ್ಲೆಯಾದ ಮೇಲೆ ಬಂದ ಕಚೇರಿಗಳು. ಬಂದವರಿಗೆಲ್ಲ ಮನೆ ಬೇಕು. ಇದನ್ನು ಕಂಡ ಮಂಡಿಪೇಟೆಯ ಅಂಗಡಿಯವರಿಗೂ, ನಿವೃತ್ತಿಯ ಗಂಟು ಕೈಗೆ ಬಂದ ಮೇಷ್ಟ್ರಿಗೂ ಒಂದೇ ಆಸೆ.

"ಮ್ಯಾಲೊಂದು ಮನಿ ಹಾಕ್ರಿ ಸಾವ್ಕಾರ್ರೆ, ತಿಂಗ್ಳಾ ತಿಂಗ್ಳಾ ಬಾಡ್ಗಿ ಬರ್ತತಿ, ಕುಂತು ಉಣಬೌದು" ಅನ್ನುತ್ತಾನೆ ಮೇಸ್ತ್ರಿ. ಮೇಸ್ತ್ರಿಗೇನೋ ಕೆಲಸ ಸಿಕ್ಕಿತು. ಕುಂತು ಉಣ್ಣುವವರು ಯಾರು ಎಂಬುದು ಗೊತ್ತಾಗುವುದು ಗೃಹಪ್ರವೇಶದ ಹೋಳಿಗೆ ಅರಗಿದ ಮೇಲೆ.

ಅಂಗಡಿಯಲ್ಲಿ ಸಾಸಿವೆ ಡಬ್ಬಿಗೂ ಲಾಭ ನಷ್ಟ ನೋಡುವ ಮನುಷ್ಯ ಮನೆ ಕಟ್ಟುವಾಗ ಮಾತ್ರ ಲೆಕ್ಕ ಮರೆಯುತ್ತಾನೆ. ಅವನು ಹಾಕುವ ಲೆಕ್ಕ ಒಂದೇ: ತಿಂಗಳಿಗೆ 8,000 ಬಾಡಿಗೆ, ವರ್ಷಕ್ಕೆ 96,000. ಆದರೆ ಮನೆ ವರ್ಷಪೂರ್ತಿ ತುಂಬಿರುವುದಿಲ್ಲ. ಒಬ್ಬ ಬಿಟ್ಟು ಇನ್ನೊಬ್ಬ ಬರುವಷ್ಟರಲ್ಲಿ ಒಂದು ತಿಂಗಳು ಹೋಗುತ್ತದೆ. ಉಳಿದದ್ದು 88,000. ಕಂದಾಯ, ಸುಣ್ಣಬಣ್ಣ, ಮೋಟಾರು ರಿಪೇರಿ, ಮಳೆಗಾಲಕ್ಕೆ ಸೋರುವ ತಾರಸಿ ಎಂದು 12,000 ಕಳೆದರೆ ಕೈಗೆ ಬರುವುದು 76,000. ಕಟ್ಟಲು 15 ಲಕ್ಷ ಹಿಡಿದಿದ್ದರೆ ಇದು ನೂರಕ್ಕೆ ಐದು ರೂಪಾಯಿಯ ಗಳಿಕೆ. ಅದೂ ಸ್ವಂತ ಮನೆಯ ಮೇಲೆ ಕಟ್ಟಿದವನಿಗೆ. ಇನ್ನೊಂದು 15 ಲಕ್ಷ ಸುರಿದು ಸೈಟು ಕೊಂಡು ಕಟ್ಟಿದವನಿಗೆ ಅದರಲ್ಲಿ ಅರ್ಧ.

ಕಂತಿನ ಕುಣಿಕೆ

ಸಾಲ ತಂದವನ ಕತೆ ಬೇರೆ. ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ, 15 ವರ್ಷದ ಅವಧಿಗೆ, ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು 1,015 ರೂಪಾಯಿ. 15 ಲಕ್ಷವನ್ನೂ ಸಾಲ ತಂದರೆ ತಿಂಗಳಿಗೆ 15,000 ದಾಟುವ ಕಂತು, 8,000 ಬರುವ ಬಾಡಿಗೆ! ಮಿಕ್ಕಿದ್ದು ಅಂಗಡಿಯ ಗಲ್ಲಾದಿಂದ ಹೋಗಬೇಕು. ಹಬ್ಬದ ಸೀಸನ್ನಿಗೆ ಮಾಲು ತುಂಬಿಸುವ ದುಡ್ಡೇ ಕಂತಾಗಿ ಕರಗುತ್ತದೆ. ಮನೆ ಎದ್ದಿತು, ಅಂಗಡಿ ಕೂತಿತು.

ಮೇಲಿನ ಲೆಕ್ಕದ ಪ್ರಕಾರ ಸಾಲ 6 ಲಕ್ಷದೊಳಗೆ ಇದ್ದರಷ್ಟೇ ಬಾಡಿಗೆ ತನ್ನ ಕಂತನ್ನು ತಾನೇ ಕಟ್ಟಿಕೊಳ್ಳುತ್ತದೆ. ಹೊಸಬರಿಗೆ ಇದೇ ಮೊದಲ ಪಾಠ: ಸಾಲದ ಅಳತೆ ಬ್ಯಾಂಕು ಎಷ್ಟು ಕೊಡುತ್ತದೆ ಎಂಬುದರಿಂದಲ್ಲ, ಬಾಡಿಗೆ ಎಷ್ಟು ಹೊರುತ್ತದೆ ಎಂಬುದರಿಂದ.

ಅಡ್ವಾನ್ಸು ಯಾರ ದುಡ್ಡು?

ಎರಡನೆಯ ಪಾಠ ಇನ್ನೂ ಕಹಿ. ಬಾಡಿಗೆದಾರ ಕೊಟ್ಟ ಅಡ್ವಾನ್ಸು ಮಾಲೀಕನ ದುಡ್ಡಲ್ಲ. ಅದು ಬಾಡಿಗೆದಾರನ ದುಡ್ಡು, ಮಾಲೀಕನ ಬಳಿ ಇಟ್ಟದ್ದು ಮಾತ್ರ. ಭೋಗ್ಯವಂತೂ ನೇರಾನೇರ ಸಾಲ. ಮೂರು ವರ್ಷಕ್ಕೆ 4 ಲಕ್ಷ ಭೋಗ್ಯ ಹಾಕಿಸಿಕೊಂಡವನಿಗೆ ಬಾಡಿಗೆ ಬರುವುದಿಲ್ಲ, ಅವಧಿ ಮುಗಿದ ದಿನ ಇಡೀ ಗಂಟು ಎಣಿಸಿ ಕೊಡಬೇಕು. ಆದರೆ ಅಷ್ಟರಲ್ಲಿ ಆ ಗಂಟು ಮಗಳ ಮದುವೆಯಲ್ಲೋ, ಮೇಲಿನ ಇನ್ನೊಂದು ಮಹಡಿಯಲ್ಲೋ ಕರಗಿರುತ್ತದೆ. ಆಗ ಉಳಿಯುವ ದಾರಿ ಇವನ ಟೋಪಿ ಅವನ ತಲೆಗೆ. ಹೊಸ ಭೋಗ್ಯದವನು ಸಿಗುವ ತನಕ "ಬರೋ ತಿಂಗ್ಳು ನೋಡಾಣ" ಎಂಬ ರಾಗ.

ಇದರ ಇನ್ನೊಂದು ತುದಿಯಲ್ಲಿ ಇರುವವನು ದಿನಾ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗುವ ಬಾಡಿಗೆದಾರ. ಹೊಸ ಮನೆಗೆ ಕೊಡಬೇಕಾದ ಅಡ್ವಾನ್ಸು ಹಳೆ ಮಾಲೀಕನ ಗೋಡೆಯೊಳಗೆ ಸಿಕ್ಕಿಕೊಂಡರೆ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಅಡ್ವಾನ್ಸನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಠೇವಣಿ ಇಡಲಾಗದವರು ಬಾಡಿಗೆ ಮನೆ ಕಟ್ಟದಿರುವುದೇ ಒಳ್ಳೆಯದು. ಕೇಂದ್ರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಅಡ್ವಾನ್ಸು ಸಾಕು ಎಂದಿತು. ಅದು ಬರೀ ಮಾದರಿ, ರಾಜ್ಯ ಒಪ್ಪಿ ಕಾಯ್ದೆ ಮಾಡಿದರಷ್ಟೇ ಬಲ ಎಂಬುದು ಬೇರೆ ಮಾತು. ದೊಡ್ಡ ಅಡ್ವಾನ್ಸು ದೊಡ್ಡ ಲಾಭವಲ್ಲ, ದೊಡ್ಡ ಹೊರೆ ಎಂದು ತಿಳಿಯಲು ಕಾಯ್ದೆಗೆ ಕಾಯಬೇಕಿಲ್ಲ.

ಕಾಗದ ಪತ್ರ

ಇಟ್ಟಿಗೆ ಇಳಿಸುವ ಮುನ್ನ ನೋಡಬೇಕಾದ್ದು ಜಾಗ ಯಾರ ಹೆಸರಿನಲ್ಲಿದೆ ಎಂದು. ಖಾತೆ ತೀರಿಕೊಂಡ ಅಪ್ಪನ ಹೆಸರಲ್ಲೇ ಇದ್ದರೆ, ಮನೆ ಎದ್ದ ಮೇಲೆ ಅಣ್ಣತಮ್ಮಂದಿರು ಬರುತ್ತಾರೆ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಪಾಲು ಮುಗಿಸಿ, ಖಾತೆ ಮಾಡಿಸಿ, ಪಾಲಿಕೆಯ ಲೈಸೆನ್ಸು ಪಡೆದು ಕಟ್ಟಿದರೆ ನಿದ್ದೆ ಬರುತ್ತದೆ. ಹಳೆ ಮನೆಯ ಪಾಯ ಮೇಲಿನ ಭಾರ ಹೊರುತ್ತದೆಯೇ ಎಂಬುದನ್ನು ಮೇಸ್ತ್ರಿಯಲ್ಲ, ಇಂಜಿನಿಯರು ಹೇಳಬೇಕು.

ಬಾಡಿಗೆಗೆ ಕೊಡುವಾಗ ಕರಾರು ಬರೆಸದೆ ಬೀಗ ಕೊಡಬಾರದು. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಹನ್ನೊಂದು ತಿಂಗಳ ಕರಾರಿನ ರೂಢಿ ಹುಟ್ಟಿದ್ದೇ ಇದರಿಂದ. ಮೂರು ವರ್ಷದ ಭೋಗ್ಯಕ್ಕೆ ಬರೀ ಛಾಪಾ ಕಾಗದ ಸಾಲದು. ಲಕ್ಷ ಲಕ್ಷ ಎಣಿಸಿ ಕೊಡುವವನು ನೋಂದಣಿ ಕೇಳಬೇಕು, ಸರಿಯಾದ ಮಾಲೀಕ ಒಪ್ಪಬೇಕು. "ಹನ್ನೆರಡು ವರ್ಷ ಇದ್ರೆ ಮನಿ ಅವಂದೇ ಆಗ್ತತಂತೆ" ಎಂಬ ಹೆದರಿಕೆ ಸುಳ್ಳು. ಮಾಲೀಕನ ಒಪ್ಪಿಗೆಯ ಮೇಲೆ ಬಾಡಿಗೆ ಕೊಟ್ಟು ಇರುವವನು ಬಾಡಿಗೆದಾರನೇ, ಎಷ್ಟು ವರ್ಷ ಕಳೆದರೂ. ಇದಕ್ಕೂ ಸಾಕ್ಷಿ ಕರಾರು ಮತ್ತು ರಸೀದಿಯೇ.

ಬಾಡಿಗೆಯನ್ನು ಲೆಕ್ಕಕ್ಕೆ ತೋರಿಸದೆ ನಗದಾಗಿ ಇಸಕೊಳ್ಳುವುದು ಜಾಣತನವೂ ಅಲ್ಲ. ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30ರಷ್ಟನ್ನು, ಒಂದು ಬಿಲ್ಲನ್ನೂ ಕೇಳದೆ, ಆದಾಯ ತೆರಿಗೆ ಕಾನೂನೇ ಬಿಟ್ಟುಕೊಡುತ್ತದೆ. ಕರೆಂಟಿಗೆ ಮನೆಗೊಂದು ಬೇರೆ ಮೀಟರು ಹಾಕಿಸಿದರೆ ಅರ್ಧ ಜಗಳ ತಪ್ಪುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಬಾಡಿಗೆದಾರ ಅಡಿಗೆಮನೆಗಿಂತ ಮೊದಲು ಮೀಟರು ನೋಡುತ್ತಾನೆ.

ಕೊನೆಗೆ, ಊರಿನ ಹಳೆಯ ರೋಗ. ಮನೆ ನೋಡಲು ಬಂದವನಿಗೆ ಮೊದಲ ಪ್ರಶ್ನೆ "ಯಾವ ಜನ?" ಎಂಬುದು. ಜಾತಿ ಕೇಳುವ ಮಾಲೀಕ ಎಲ್ಲಿ ಕೆಲಸ, ಹಳೆ ಮನೆ ಏಕೆ ಬಿಟ್ಟಿರಿ ಎಂದು ಕೇಳುವುದಿಲ್ಲ. 'ನಮ್ಮವರು' ಸಿಗಲಿ ಎಂದು ಎರಡು ತಿಂಗಳು ಬೀಗ ಹಾಕಿಟ್ಟರೆ 16,000 ಖೋತಾ. ಬಂದ 'ನಮ್ಮವರು' ಬಾಡಿಗೆ ಬಾಕಿ ಇಟ್ಟರೆ ಕೇಳಲು ದಾಕ್ಷಿಣ್ಯ ಬೇರೆ! ಅಂಗಡಿಯಲ್ಲಿ ನೋಟು ಎಣಿಸುವಾಗ ಯಾರೂ ಗಿರಾಕಿಯ ಜಾತಿ ಕೇಳುವುದಿಲ್ಲ. ಬಾಡಿಗೆಯೂ ವ್ಯಾಪಾರವೇ. ಅಂಗಡಿಯ ನಿಯತ್ತು ಮನೆಗೂ ಇರಲಿ: ಸರಿಯಾದ ಅಳತೆ, ಬರೆದಿಟ್ಟ ಲೆಕ್ಕ, ಕೇಳಿದ ದಿನ ವಾಪಸು ಬರುವ ಅಡ್ವಾನ್ಸು. ಇಷ್ಟು ಮಾಡಿದ ಮಾಲೀಕನ ಗೇಟಿಗೆ ಬೋರ್ಡು ಬಹಳ ದಿನ ನೇತಾಡುವುದಿಲ್ಲ.