ಬಡತನ ಅಳೆಯುವುದು ಹೇಗೆ?



ನನ್ನ ಬಾಜೂಕ ಕುಂಡ್ರುವ ಗೆಳೆಯ ದೀಪಾವಳಿ ಆದ ಮೇಲೆ ಸಾಲಿಗೆ ಬಂದಿಲ್ಲ. ಅವನ ಅವ್ವ-ಅಪ್ಪ ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕೆ ಹೋಗ್ಯಾರ. ಸಣ್ಣ ತಮ್ಮನನ್ನು ಆಡಿಸಲು ಇವನನ್ನೂ ಕರಕೊಂಡು ಹೋಗಿದ್ದಾರೆ. ಅವರ ಮನೆಗೆ ಕೀಲಿ ಹಾಕಿದೆ. ಅದನ್ನು ನೋಡಿದಾಗಿನಿಂದ ನನಗೆ ಒಂದು ವಿಚಾರ ಬಂದಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಸಮಾಜ ಪಾಠದಲ್ಲಿ ಗುರುಗಳು ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ಬಗ್ಗೆ ಹೇಳಿದ್ದರು. ಆ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಸಾಕ್ಷರತೆ, ನೀರಾವರಿ, ರಸ್ತೆ, ವೈದ್ಯರು, ಬ್ಯಾಂಕು ಹೀಗೆ 35 ಅಂಶಗಳನ್ನು ಹಿಡಿದು ರಾಜ್ಯದ ಎಲ್ಲಾ ತಾಲೂಕುಗಳನ್ನು ಅಳೆಯಿತು. ರಾಜ್ಯದ ಸರಾಸರಿ 1 ಎಂದು ಇಟ್ಟುಕೊಂಡರೆ 0.80ಕ್ಕಿಂತ ಕಡಿಮೆ ಬಂದವು ಅತ್ಯಂತ ಹಿಂದುಳಿದ ತಾಲೂಕುಗಳು. ಅಂಥವು ರಾಜ್ಯದಲ್ಲಿ 39. ಆಗ ನಮ್ಮ ಜಿಲ್ಲೆಯಲ್ಲಿ ಇದ್ದದ್ದು ಐದೇ ತಾಲೂಕು. ಅದರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು! ಹಿಂದುಳಿದ ತಾಲೂಕುಗಳಿಗಾಗಿ ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಬೇಕು ಎಂದು ಸಮಿತಿ ಹೇಳಿತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಯಿತು. ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಸಮಿತಿ ಮಾಡಿದರು.

ರೊಕ್ಕ ಎಷ್ಟು ಖರ್ಚಾತು ಅನ್ನೋದು ಒಂದು ಲೆಕ್ಕ. ಮನೆಯೊಳಗೆ ಏನು ಬದಲಾಯಿತು ಅನ್ನೋದು ಇನ್ನೊಂದು ಲೆಕ್ಕ. ಅಂಗನವಾಡಿಯಲ್ಲಿ ಆಹಾರ ಕೊಟ್ಟು ಸುಮ್ಮನಾಗುವುದಿಲ್ಲ, ಮಗುವನ್ನು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳುತ್ತಾರೆ. ತೂಕ ಹೆಚ್ಚಾದರೆ ಮಾತ್ರ ಆಹಾರ ಮೈಗೆ ಹತ್ತಿತು ಎಂದು ಅರ್ಥ. ಯೋಜನೆಗಳನ್ನೂ ಹಾಗೆಯೇ ತೂಗಬೇಕು.

2021ರಲ್ಲಿ ನೀತಿ ಆಯೋಗ 12 ಅಂಶಗಳಿಂದ ಬಡತನ ಲೆಕ್ಕ ಹಾಕಿತು. ಅದರಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೋ ಇಲ್ಲವೋ ಅನ್ನೋದೂ ಇದೆ. ಇದು ಬಹಳ ಒಳ್ಳೆಯದು. ಆದರೆ ಎಣಿಸುವವರು ನಮ್ಮೂರಿಗೆ ಜೂನ್ ತಿಂಗಳಲ್ಲಿ ಬಂದರೆ ನನ್ನ ಗೆಳೆಯ ಸಾಲಿಯಲ್ಲಿ ಹಾಜರು. ಜನವರಿಯಲ್ಲಿ ಬಂದರೆ ಮನೆಗೆ ಕೀಲಿ, ಕೇಳಿದರೆ ಹೇಳುವವರೇ ಇಲ್ಲ!

ಕೆಲವರು, "ಅವರ ಮನ್ಯಾಗ ಟಿವಿ ಐತಿ, ಮೊಬೈಲ್ ಐತಿ, ಎಂಥಾ ಬಡತನ?" ಅಂತಾರೆ. ಆದರೆ ಅವರು ಕಬ್ಬಿನ ಗ್ಯಾಂಗಿನವರ ಹತ್ತಿರ ಮುಂಗಡ ತಗೊಂಡಿದ್ದಾರೆ. ಅದು ತೀರುವ ತನಕ ಊರಿಗೆ ಬರುವಂತಿಲ್ಲ. ಟಿವಿ ಕಣ್ಣಿಗೆ ಕಾಣುತ್ತದೆ, ಸಾಲ ಕಾಣುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2002ರಲ್ಲಿ ನಮ್ಮ ಜಿಲ್ಲೆಯಲ್ಲಿ ಬಿಸಿಯೂಟ ಶುರುವಾಯಿತು. ದಿನಾ ನಾವೆಲ್ಲ ಸಾಲಾಗಿ ಕುಂತು ಉಣ್ಣುತ್ತೇವೆ. ಅದು ತಾಟಿನಲ್ಲೇ ಕಾಣುತ್ತದೆ. ಆದರೆ ಊರು ಬಿಟ್ಟು ಹೋದ ಹುಡುಗನಿಗೆ ನಮ್ಮ ಸಾಲಿಯ ಊಟವೂ ತಪ್ಪಿತು, ಪಾಠವೂ ತಪ್ಪಿತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ವರ್ಷಕ್ಕೆ ಎರಡು ಸಲ ಎಣಿಸಬೇಕು, ಮಳೆಗಾಲದಲ್ಲಿ ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ. ಕೀಲಿ ಹಾಕಿದ ಮನೆ ಎಷ್ಟು, ಸಾಲಿಯಲ್ಲಿ ಖಾಲಿ ಜಾಗ ಎಷ್ಟು ಎಂದು ಬರೆದುಕೊಳ್ಳಬೇಕು. ವರ್ಷದಿಂದ ವರ್ಷಕ್ಕೆ ಅದು ಕಡಿಮೆಯಾದರೆ ಯೋಜನೆ ಮುಟ್ಟಿದೆ ಎಂದು ತಿಳಿಯಬೇಕು. ದುಡಿಯಾಕ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲು ಊಟ-ವಸತಿ ಆಗಬೇಕು.

ಗುರುಗಳಲ್ಲಿ ಒಂದು ವಿನಂತಿ. ಹೆಸರು ಬರೆಯದೆ, ಬರೀ ಸಂಖ್ಯೆಯನ್ನು ಪ್ರತಿ ತಿಂಗಳು ಈ ಗೋಡೆ ಪತ್ರಿಕೆಯಲ್ಲಿ ಹಾಕೋಣ. ನನ್ನ ಗೆಳೆಯನಿಗಾಗಿ ಗಣಿತದ ನೋಟ್ಸು ಇನ್ನೊಂದು ಪ್ರತಿ ಬರೆಯುತ್ತಿದ್ದೇನೆ. ಉಳಿದ ವಿಷಯಗಳನ್ನು ಯಾರು ಬರೆಯುತ್ತೀರಿ?

ತಪ್ಪಿದ್ದರೆ ತಿದ್ದಬೇಕು.

— ಏಳನೇ ತರಗತಿಯ ವಿದ್ಯಾರ್ಥಿ