ಪರರ ನೋವು ಉಪದೇಶದಿಂದ ತಿಳಿಯದು

ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ, 1982ರಲ್ಲಿ ತೆರೆಕಂಡ ‘ಇ.ಟಿ.’ ಚಲನಚಿತ್ರವನ್ನು ಮಕ್ಕಳ ಕಾಲಕ್ಷೇಪವೆಂದು ತಳ್ಳಿಹಾಕುವ ಹಿರಿಯರು ಇಂದಿಗೂ ಇದ್ದಾರೆ. ಅನ್ಯಗ್ರಹದ ಜೀವಿ, ಆಕಾಶದಲ್ಲಿ ಹಾರುವ ಸೈಕಲ್ಲು, ಇದರಲ್ಲಿ ಚಿಂತಿಸುವಂಥದ್ದು ಏನಿದೆ ಎಂಬುದು ಅವರ ಪ್ರಶ್ನೆ. ಈ ಮಾತನ್ನು ನಾವು ಒಪ್ಪಲಾರೆವು. ಮಕ್ಕಳಿಗಿಂತ ಮೊದಲು ಹಿರಿಯರೇ ನೋಡಬೇಕಾದ ಚಿತ್ರವಿದು. ಏಕೆಂದರೆ ಇಲ್ಲಿ ಕಟಕಟೆಯಲ್ಲಿ ನಿಂತಿರುವವರು ಹಿರಿಯರೇ.

ಮೆಲಿಸ್ಸಾ ಮ್ಯಾಥಿಸನ್ ಬರೆದ ಈ ಕಥೆಯ ನಾಯಕ ಎಲಿಯಟ್ ಹತ್ತು ವರ್ಷದ ಹುಡುಗ. ತಂದೆ ಮನೆ ಬಿಟ್ಟು ಹೋಗಿದ್ದಾನೆ. ತಾಯಿ, ಅಣ್ಣ, ಪುಟ್ಟ ತಂಗಿ ಎಲ್ಲರೂ ಇದ್ದಾರೆ; ಆದರೂ ಹುಡುಗ ಒಂಟಿ. ತಾನು ಕಂಡ ವಿಚಿತ್ರ ಜೀವಿಯ ವಿಷಯವನ್ನು ಊಟದ ಹೊತ್ತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅಪ್ಪನಾದರೆ ನಂಬುತ್ತಿದ್ದ ಎನ್ನುತ್ತಾನೆ. ಅಪ್ಪ ಬೇರೊಬ್ಬಳೊಡನೆ ಮೆಕ್ಸಿಕೋದಲ್ಲಿದ್ದಾನೆ ಎಂದೂ ಹೇಳಿ ತಾಯಿಯ ಮನಸ್ಸನ್ನು ನೋಯಿಸುತ್ತಾನೆ. ಬೇರೆಯವರ ಮನಸ್ಸನ್ನೂ ಸ್ವಲ್ಪ ಯೋಚಿಸು ಎಂದು ಅಣ್ಣ ಗದರುತ್ತಾನೆ. ಗದರಿಕೆ ನ್ಯಾಯವಾದುದೇ, ಆದರೆ ತನ್ನ ನೋವನ್ನು ಕೇಳುವವರಿಲ್ಲದ ಮಗುವಿಗೆ ಪರರ ನೋವು ಹೇಗೆ ತಿಳಿದೀತು?

ಆ ಪಾಠವನ್ನು ಕಲಿಸುವುದು, ತನ್ನವರಿಂದ ಅಗಲಿ ಭೂಮಿಯಲ್ಲಿ ಉಳಿದುಹೋದ ಇ.ಟಿ. ಆರಂಭದಲ್ಲಿ ಅದಕ್ಕೆ ಇಲ್ಲಿಯ ಮಾತೂ ಬಾರದು. ಆದರೂ ಅದರ ಭಾವಗಳು ಎಲಿಯಟ್‌ನ ಮೈಯಲ್ಲಿ ಮೂಡತೊಡಗುತ್ತವೆ. ಶಾಲೆಯಲ್ಲಿ ಕೊಯ್ಯಲೆಂದು ತಂದಿಟ್ಟ ಕಪ್ಪೆಗಳನ್ನು ಅವನು ಬಿಟ್ಟುಬಿಡುತ್ತಾನೆ. ಕೊನೆಗೆ, ಇಲ್ಲೇ ಇರು ಎಂದು ಬೇಡಿಕೊಂಡರೂ, ಗೆಳೆಯನಿಗೆ ಮನೆ ಬೇಕೆಂಬುದನ್ನು ಅರಿತು ಬೀಳ್ಕೊಡುತ್ತಾನೆ. ಯಾವ ಉಪದೇಶವೂ ಮಾಡಿಸಲಾಗದ ತ್ಯಾಗವಿದು.

ಚಿತ್ರದ ಬಹುಭಾಗದಲ್ಲಿ ತಾಯಿಯನ್ನು ಬಿಟ್ಟರೆ ಹಿರಿಯರ ಮುಖಗಳು ಕಾಣುವುದೇ ಅಪರೂಪ. ಅವರ ಕಾಲು, ಕೈ, ಸೊಂಟದಲ್ಲಿ ತೂಗುವ ಬೀಗದ ಕೈಗೊಂಚಲು, ಇಷ್ಟೇ. ಮಗುವಿನ ಕಣ್ಣಿನ ಎತ್ತರದಿಂದ ನೋಡಿದರೆ ನಾವೆಲ್ಲರೂ ಹೀಗೆಯೇ ತೋರುತ್ತೇವೆ. ಮುಖ ಕಾಣಬೇಕಾದರೆ ನಾವೇ ಬಾಗಬೇಕು.

ಗಡಿಯಾಚೆಯ ನಮ್ಮ ಎಷ್ಟೋ ಮನೆಗಳಲ್ಲಿ ಮಗು ಉಣ್ಣುವುದು ಒಂದು ಭಾಷೆಯಲ್ಲಿ, ಓದುವುದು ಇನ್ನೊಂದು ಭಾಷೆಯಲ್ಲಿ. ಹೇಳಲಾಗದ ಮಾತುಗಳು ಅದರಲ್ಲಿ ಉಳಿದೇ ಇರುತ್ತವೆ. ಶಾಲೆಯಿಂದ ಬಂದ ಮಗುವನ್ನು ಅಂಕ ಎಷ್ಟೆಂದು ಕೇಳುವ ಮೊದಲು, ಇಂದು ಯಾರೊಡನೆ ಆಡಿದೆ ಎಂದು ಕೇಳೋಣ. ಉತ್ತರ ಬರುವವರೆಗೂ ಎದುರಿನಲ್ಲಿ ಕುಳಿತಿರೋಣ.